ನನ್ನ ನಾಯಿ, ಕಾಕಾನ ಕಟ್ಟೆ

ವಯಸ್ಸಾದವರ ಮೇಲೆ ಹೊಟ್ಟೆಕಿಚ್ಚು ಇಟ್ಟುಕೊಳ್ಳಬಾರದಂತೆ. ಅವ್ವ ಹೇಳುತ್ತಾಳೆ. ನಾನೇನು ಬೇಕೆಂದು ಇಟ್ಟುಕೊಂಡಿದ್ದೇನೆಯೇ? ಅದು ನಾಲ್ಕು ವರ್ಷದಿಂದ ನನ್ನ ಹೊಟ್ಟೆಯಲ್ಲಿ ಬಾಡಿಗೆಗಿದೆ, ಖಾಲಿ ಮಾಡು ಎಂದರೆ ಮಾಡುತ್ತಿಲ್ಲ. ಜತೆಗೆ ಓದಿದವನು ಹೊಸ ಬೈಕು ಕೊಂಡಾಗ ನನಗೆ ಉರಿಯಲಿಲ್ಲ. ಇನ್ನೊಬ್ಬ ಪಿಎಸ್‌ಐ ಆದಾಗ ಸ್ವಲ್ಪ ಉರಿಯಿತು, ಸುಳ್ಳೇಕೆ. ಆದರೆ ಧಗಧಗ ಎಂದು ಉರಿದದ್ದು ಒಬ್ಬರ ಮೇಲೆ ಮಾತ್ರ: ನಮ್ಮ ಪಕ್ಕದ ಮನೆಯ ಕಾಕಾ. ಎಪ್ಪತ್ತು ದಾಟಿದ ಮನುಷ್ಯ. ಬಾಯಲ್ಲಿ ಒಟ್ಟು ಒಂಬತ್ತು ಹಲ್ಲು, ಕಿವಿಯಲ್ಲಿ ನನ್ನ ಗಡ್ಡಕ್ಕಿಂತ ಹೆಚ್ಚು ಕೂದಲು. ನನ್ನ ನಾಯಿ ನನ್ನನ್ನು ಬಿಟ್ಟು ಅವರನ್ನು ಹಚ್ಚಿಕೊಂಡಿತು. ಇಷ್ಟೇ ಕಾರಣ. ಕೇಳಿದವರು ನಗುತ್ತಾರೆ, ಅವರ ನಾಯಿ ಅವರ ಮನೆಯಲ್ಲೇ ಇರುತ್ತದೆ, ನಗಲಿ.

ಶಹಾಪುರದ ಹಳೆ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ನಮ್ಮ ಮನೆ. ಮನೆಯಲ್ಲಿ ಅವ್ವ, ನಾನು, ಒಂದು ಬೆಕ್ಕು, ಒಂದು ಕೋಳಿ, ಒಂದು ನಾಯಿ. ನಿಲ್ದಾಣದ ಎದುರಿಗೆ ನನ್ನದೊಂದು ಮೊಬೈಲ್ ರಿಪೇರಿ ಅಂಗಡಿ. ಬಂದ ಮೊಬೈಲ್‌ಗಳಲ್ಲಿ ಅರ್ಧ ರಿಪೇರಿಯಾಗುತ್ತವೆ, ಉಳಿದರ್ಧ ನಾನು ಮುಟ್ಟಿದ ಮೇಲೆ ಪೂರ್ತಿ ಹೋಗುತ್ತವೆ. ಕಾಕಾ ಪಕ್ಕದ ಒಂದೇ ಖೋಲಿಯ ಮನೆಯಲ್ಲಿ ಒಬ್ಬರೇ ಇದ್ದರು. ದನದ ಸಂತೆಯ ದಲಾಲಿ ಅವರ ಕಸುಬು. ಯಾದಗಿರಿ, ಸುರಪುರ, ವಡಗೇರಾ, ಎಲ್ಲಿ ಸಂತೆ ಇದ್ದರೂ ನಸುಕಿನಲ್ಲೇ ಹೆಗಲಿಗೆ ಟವೆಲ್ ಹಾಕಿಕೊಂಡು ಬಸ್ ಹತ್ತುತ್ತಿದ್ದರು. ಮಾರುವವನಿಗೂ ಕೊಳ್ಳುವವನಿಗೂ ನಡುವೆ ನಿಂತು ವ್ಯಾಪಾರ ಕುದುರಿಸುವುದು ಕೆಲಸ. ಎತ್ತಿನ ಬಾಯಿ ತೆರೆದು ಹಲ್ಲು ನೋಡಿದರೆ ಅದರ ವಯಸ್ಸು, ನಡಿಗೆ ನೋಡಿದರೆ ಅದರ ಗುಣ ಹೇಳುತ್ತಿದ್ದರು. ಮನುಷ್ಯರನ್ನೂ ಹಾಗೇ ನೋಡುತ್ತಿದ್ದರು. ನಾನು ಮೊದಲ ಸಲ ಅವರೆದುರು ನಕ್ಕಾಗ ಅವರು ನನ್ನ ಹಲ್ಲನ್ನೇ ಎಣಿಸಿದ ಹಾಗನ್ನಿಸಿ ಬಾಯಿ ಮುಚ್ಚಿಕೊಂಡಿದ್ದೆ.

ನಾಯಿಯ ಹೆಸರು ಬುಲೆಟ್. ಬುಲೆಟ್ ಬೈಕು ಕೊಳ್ಳಲಾಗದೆ ಆ ಹೆಸರನ್ನು ನಾಯಿಗಿಟ್ಟು ಸಮಾಧಾನ ಮಾಡಿಕೊಂಡವನು ನಾನು. ಯಾದಗಿರಿಯ ಗೆಳೆಯನೊಬ್ಬ "ಜರ್ಮನ್ ತಳಿ, ಪಕ್ಕಾ" ಎಂದು ಕೊಟ್ಟಿದ್ದ ಮರಿ. ಅದನ್ನು ಶರ್ಟಿನೊಳಗೆ ಹಾಕಿಕೊಂಡು ಬಂದವನು ಓಣಿಯಲ್ಲೆಲ್ಲ "ಜರ್ಮನ್, ಜರ್ಮನ್" ಎಂದು ಸಾರಿದೆ. ಕಾಕಾ ಕಟ್ಟೆಯ ಮೇಲೆ ಕೂತಿದ್ದರು. ಮರಿಯ ತುಟಿಯನ್ನು ಹೆಬ್ಬೆರಳಿನಿಂದ ಒಮ್ಮೆ ಎತ್ತಿ ನೋಡಿದರು.

"ಜರ್ಮನಿ ಹೌದೋ ಅಲ್ಲೋ ಗೊತ್ತಿಲ್ಲ ಸಾವ್ಕಾರ. ಇದರ ಅಜ್ಜಿ ಮಾತ್ರ ಯಾದಗಿರಿ ಸ್ಟೇಷನ್‌ದಾಗ ಭಜಿ ತಿಂದಾಳ."

ನನ್ನನ್ನು ಅವರು ಸಾವ್ಕಾರ ಎಂದೇ ಕರೆಯುತ್ತಿದ್ದರು. ಜೇಬು ಖಾಲಿ ಇದ್ದವರಿಗೆಲ್ಲ ಅವರಿಟ್ಟ ಹೆಸರು ಅದು. ಮರಿ ಬೆಳೆಯಿತು. ಕಿವಿ ನಿಲ್ಲಲಿಲ್ಲ. ಬಾಲ ಮಾತ್ರ ಭಜಿಯ ವಾಸನೆ ಬಂದಾಗಲೆಲ್ಲ ನಿಲ್ಲುತ್ತಿತ್ತು.

ಬುಲೆಟ್‌ಗೆ ಎರಡು ಚಾಳಿ. ಕುಕ್ಕರ್ ಎರಡು ಸೀಟಿ ಹೊಡೆಯುವ ತನಕ ಅದು ಹುಲಿ. ಮೂರನೆಯ ಸೀಟಿಗೆ ಕಾಕಾನ ಖೋಲಿಗೆ ಓಟ. ಎರಡಕ್ಕೂ ಮೂರಕ್ಕೂ ಏನು ವ್ಯತ್ಯಾಸವೆಂದು ಇವತ್ತಿಗೂ ನನಗೆ ತಿಳಿದಿಲ್ಲ. ಇನ್ನೊಂದು, ಮನೆಗೆ ಬಂದವರ ಚಪ್ಪಲಿ ಕದಿಯುವುದು. ಎಡಗಾಲಿನದು ಮಾತ್ರ. ಕಚ್ಚುತ್ತಿರಲಿಲ್ಲ, ಹರಿಯುತ್ತಿರಲಿಲ್ಲ, ಒಯ್ದು ಕಾಕಾನ ಹೊಸ್ತಿಲಲ್ಲಿ ನೀಟಾಗಿ ಇಟ್ಟು ಬರುತ್ತಿತ್ತು. ಹೀಗಾಗಿ ನಮ್ಮ ಮನೆಗೆ ಬಂದ ಪ್ರತಿಯೊಬ್ಬರೂ ಹೋಗುವಾಗ ಒಂದು ಕಾಲಲ್ಲಿ ಕುಂಟುತ್ತ ಕಾಕಾನ ಮನೆಗೆ ಹೋಗಿ, ಅಲ್ಲಿ ಚಹಾ ಕುಡಿದು ಹೋಗುತ್ತಿದ್ದರು. ನನಗೆ ಹೆಣ್ಣು ಕೊಡಲೆಂದು ಬಂದ ಹಿರಿಯರೊಬ್ಬರ ಗತಿಯೂ ಅದೇ ಆಯಿತು. ಚಪ್ಪಲಿ ತರಲು ಹೋದವರು ಒಂದು ತಾಸು ಎತ್ತುಗಳ ಮಾತಾಡುತ್ತ ಕೂತರು. ತಿರುಗಿ ಬಂದು ಅವ್ವನನ್ನು ಕೇಳಿದರು:

"ಆ ಯಜಮಾನರಿಗಿ ಗಂಡುಮಕ್ಕಳು ಯಾರಾರ ಅದಾರೇನ್ರಿ?"

ಆ ಸಂಬಂಧ ಅಲ್ಲಿಗೇ ನಿಂತಿತು. ಒಬ್ಬ ಮುದುಕನ ಇಲ್ಲದ ಮಗನ ಎದುರು ಸೋತವನು ಕರ್ನಾಟಕದಲ್ಲಿ ನಾನೊಬ್ಬನೇ ಇರಬೇಕು.

ಬೆಕ್ಕಿನದು ಬೇರೆ ಕಥೆ. ಅದನ್ನು ಅವ್ವ ಗೌಡಸಾನಿ ಎಂದು ಕರೆಯುತ್ತಾಳೆ. ಯಾರಾದರೂ ನೋಡುತ್ತಿದ್ದರೆ ಹಾಲು ಮುಟ್ಟುವುದಿಲ್ಲ. ಯಾರೂ ಇಲ್ಲದಿದ್ದರೂ ಮುಟ್ಟುವುದಿಲ್ಲ. ಪಕ್ಕದಲ್ಲಿ ಒಬ್ಬರು ಇರಬೇಕು, ಆದರೆ ಮುಖ ಆ ಕಡೆ ತಿರುಗಿಸಿರಬೇಕು. ನಾನು ಹಾಗೆ ಕೂತರೆ ಐದು ನಿಮಿಷಕ್ಕೊಮ್ಮೆ ಕದ್ದು ನೋಡಿಬಿಡುತ್ತಿದ್ದೆ. ಗೌಡಸಾನಿ ಬಟ್ಟಲಿಗೆ ಒದ್ದು ಹೋಗುತ್ತಿದ್ದಳು. ಕಾಕಾ ಬೆನ್ನು ಹಾಕಿ ಕೂತರೆ ಕೂತರು, ಬೆಟ್ಟದ ಕಡೆ ನೋಡುತ್ತ, ಹಾಲು ಮುಗಿದದ್ದು ಅವರಿಗೆ ಹಿಂದಿನಿಂದಲೇ ತಿಳಿಯುತ್ತಿತ್ತು. ಇನ್ನು ಕೋಳಿ ಮೊಟ್ಟೆ ಇಡುವುದು ನನ್ನ ಹೆಲ್ಮೆಟ್ಟಿನಲ್ಲಿ. ಒಂದು ಬೆಳಿಗ್ಗೆ ನೋಡದೆ ಹಾಕಿಕೊಂಡು ಹೊರಟೆ. ಓಣಿಯ ತುದಿಯಲ್ಲಿ ಹಣೆಯ ಮೇಲಿಂದ ಹಳದಿ ಇಳಿಯತೊಡಗಿದಾಗ ಕಾಕಾ ಎದುರಿಗೆ ಬಂದರು.

"ಸಾವ್ಕಾರ, ಆಮ್ಲೆಟ್ ಮನ್ಯಾಗ ಮಾಡ್ಬೇಕು. ರಸ್ತಾದಾಗ ಗಾಳಿ ಭಾಳ."

ಅವರು ಈ ಪ್ರಾಣಿಗಳಿಗೆ ಏನೂ ಮಾಡುತ್ತಿರಲಿಲ್ಲ ಎನ್ನುವುದೇ ನನ್ನ ಸಂಕಟ. ತಿನ್ನಿಸುತ್ತಿರಲಿಲ್ಲ. ಮುದ್ದು ಮಾಡುತ್ತಿರಲಿಲ್ಲ. ಹೆಸರು ಹಿಡಿದು ಕರೆದದ್ದನ್ನಂತೂ ನಾನು ಕೇಳೇ ಇಲ್ಲ. ಕಟ್ಟೆಯ ಮೇಲೆ ಬೀಡಿ ಸೇದುತ್ತ ಕೂತಿರುತ್ತಿದ್ದರು. ಬುಲೆಟ್ ಹೋಗಿ ಅವರ ಪಾದದ ಮೇಲೆ ಗದ್ದ ಇಟ್ಟು ಮಲಗುತ್ತಿತ್ತು. ನಾನೋ, ಅಂಗಡಿಯಿಂದ ಬರುವಾಗ ದಿನಾ ಬಿಸ್ಕತ್ತು ತರುತ್ತಿದ್ದೆ, ಜಳಕ ಮಾಡಿಸುತ್ತಿದ್ದೆ, ನನ್ನ ಶಾಂಪೂ ಹಚ್ಚುತ್ತಿದ್ದೆ. ಬಿಸ್ಕತ್ತು ನನ್ನ ಕೈಯಿಂದ ಇಸಿದುಕೊಂಡು ಹೋಗಿ ಕಾಕಾನ ಕಟ್ಟೆಯ ಕೆಳಗೆ ಕೂತು ತಿನ್ನುತ್ತಿತ್ತು. ಪಾರ್ಸೆಲ್!

"ಏನ್ ಮಂತ್ರ ಹಾಕೀರಿ ಕಾಕಾ?" ಎಂದು ಒಮ್ಮೆ ಕೇಳಿಯೇಬಿಟ್ಟೆ.

"ಮಂತ್ರ ಎಲ್ಲಿದು. ನೀ ಅದರ ಬೆನ್ನ ಹತ್ತಿ ಓಡಾಡ್ತಿ, ಅದಕ್ಕ ಸಾಲಾ ಕೊಟ್ಟಾಂವ ಬಂದಂಗ ಕಾಣ್ತದ. ನಾ ಸುಮ್ಮ ಕುಂತಿರ್ತೀನಿ."

ಸುಮ್ಮನೆ ಕೂರುವುದು ನನ್ನಿಂದಾಗದ ಕೆಲಸ. ಆದ್ದರಿಂದ ತರಬೇತಿ ಶುರು ಮಾಡಿದೆ. ಮೊಬೈಲಿನಲ್ಲಿ ವಿಡಿಯೋ ನೋಡಿ, ಓಣಿಯ ನಡುವೆ ಬುಲೆಟ್‌ನನ್ನು ನಿಲ್ಲಿಸಿ "ಸಿಟ್" ಎಂದೆ. ನಿಂತೇ ಇತ್ತು. ಹೇಗೆ ಕೂರಬೇಕೆಂದು ತೋರಿಸಲು ನಾನೇ ಕೂತೆ. "ಸ್ಟ್ಯಾಂಡ್" ಎಂದು ಎದ್ದೆ. ಹನ್ನೊಂದು ದಿನ ಹೀಗೆ ನಡೆಯಿತು. ಬುಲೆಟ್ ನಿಂತು ನೋಡುತ್ತಿತ್ತು, ನಾನು ಏಳುತ್ತ ಕೂರುತ್ತ ಬೆವರುತ್ತಿದ್ದೆ. ಅವ್ವ ರೊಟ್ಟಿ ಬಡಿಯುವುದು ನಿಲ್ಲಿಸಿ ಬಾಗಿಲಿಗೆ ಬಂದಳು.

"ಛಲೋ ಕಲಸ್ಯದ ನೋಡು ನಾಯಿ. ಹೇಳಿದ್ಕೂಡ್ಲೆ ಕುಂಡ್ರತಿ, ಹೇಳಿದ್ಕೂಡ್ಲೆ ಏಳ್ತಿ."

ಆಮೇಲೆ ನನಗೆ ವಾಸನೆಯ ವಿಚಾರ ಹೊಳೆಯಿತು. ನಾಯಿಗೆ ಮೂಗೇ ಮುಖ್ಯ. ಕಾಕಾನ ವಾಸನೆ ನನಗೆ ಬಂದರೆ ಮುಗಿಯಿತು. ಒಂದು ಮಧ್ಯಾಹ್ನ ಅವರ ಹಗ್ಗದ ಮೇಲಿದ್ದ ಹಳೆ ಅಂಗಿ ಎಳೆದುಕೊಂಡು ತೊಟ್ಟೆ. ಬೀಡಿ, ಬೆವರು, ಸಂತೆಯ ಸಗಣಿ ಎಲ್ಲ ಸೇರಿದ ವಾಸನೆ. ಎದೆ ಉಬ್ಬಿಸಿ ಬುಲೆಟ್ ಎದುರು ನಿಂತೆ. ಹುಟ್ಟಿದಾಗಿನಿಂದ ಕಳ್ಳರನ್ನು ನೋಡಿ ಬೊಗಳದ ನಾಯಿ ಅವತ್ತು ಬೊಗಳಿತು. ಓಣಿ ಕೂಡುವ ಹಾಗೆ ಬೊಗಳಿತು. ಕಾಕಾ ಹೊರಗೆ ಬಂದರು. ನನ್ನನ್ನು ಮೇಲಿಂದ ಕೆಳಗೆ ನೋಡಿದರು. ನಗಲಿಲ್ಲ.

"ಅದು ಕಂಕುಳಾಗ ಹರದದ ಸಾವ್ಕಾರ. ಒಳಗ ಛಲೋದೊಂದು ಅದ, ಕೊಡ್ಲೇನು?"

ಆ ಸಂಜೆಯೇ ನಾನು ತೀರ್ಮಾನ ಮಾಡಿದ್ದು. ಇದನ್ನು ನಾಲ್ಕು ಜನರ ಎದುರು ಇತ್ಯರ್ಥ ಮಾಡಿಕೊಳ್ಳಬೇಕು. ಕಟ್ಟೆಯ ಮೇಲೆ ಓಣಿಯ ಹಿರಿಯರು ಕೂತಿದ್ದರು. ಹೋಗಿ ನಿಂತು, "ಕಾಕಾ, ನನ್ನ ನಾಯಿ ನನಗ ಬಿಟ್ಟುಕೊಡ್ರಿ" ಎಂದೆ. ತಮಾಷೆಗೆ ಆಡಿದ ಮಾತಲ್ಲ ಅದು. ಅಪ್ಪ ಹೋದ ಮೇಲೆ ಈ ಮನೆಯಲ್ಲಿ ನನ್ನದು ಎಂದು ನಾನು ತಂದ ಮೊದಲ ಜೀವ ಅದು. ಸಂಜೆ ಅಂಗಡಿ ಮುಚ್ಚಿ ಬರುವಾಗ ಓಡಿ ಬಂದು ಎದುರುಗೊಳ್ಳುವುದೊಂದು ಬೇಕಿತ್ತು ನನಗೆ. ಅದು ಓಡಿ ಬರುತ್ತಿತ್ತು ನಿಜ. ನನ್ನನ್ನು ದಾಟಿ, ಬಸ್ ಇಳಿದು ಬರುತ್ತಿದ್ದ ಕಾಕಾನ ಕಡೆಗೆ.

ಕಾಕಾ ನನ್ನ ಮುಖ ನೋಡಿದರು. ಬೀಡಿ ಆರಿಸಿದರು. "ಬಾಯಿ ಮಾತು ಬ್ಯಾಡ. ಕೈ ತಾ" ಎಂದು ಹೆಗಲ ಟವೆಲ್ ತೆಗೆದು ನಮ್ಮಿಬ್ಬರ ಬಲಗೈಯ ಮೇಲೆ ಹೊದಿಸಿದರು. "ವಾರದಾಗ ಎಷ್ಟು ದಿನ ನನ್ನ ಹತ್ರ, ಬೆರಳಿನಾಗ ಮಾತಾಡೂಣು."

ಸಂತೆಯಲ್ಲಿ ವ್ಯಾಪಾರ ಮಾಡುವುದೇ ಹೀಗೆ. ಸುತ್ತ ನಿಂತವರಿಗೆ ದರ ಕಾಣಬಾರದೆಂದು ಟವೆಲ್ಲಿನ ಕೆಳಗೆ ಬೆರಳು ಹಿಡಿದು ಹೇಳುತ್ತಾರೆ. ಎಷ್ಟು ಬೆರಳು ಹಿಡಿದರೋ ಅಷ್ಟು. ಒಪ್ಪಿಗೆಯಾದರೆ ಅಷ್ಟೇ ಬೆರಳನ್ನು ತಿರುಗಿ ಒತ್ತಬೇಕು, ಇಲ್ಲದಿದ್ದರೆ ಕಡಿಮೆ ಹಿಡಿಯಬೇಕು. ಇದೆಲ್ಲ ನನಗೆ ಆಮೇಲೆ ತಿಳಿದದ್ದು. ಆಗ ನನಗೇನೂ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದು ಹಿರಿಯರೆದುರು ಹೇಳಲು ನಾಲಿಗೆ ಏಳಲಿಲ್ಲ. ಕಾಕಾ ನನ್ನ ಮೂರು ಬೆರಳು ಮೆಲ್ಲಗೆ ಹಿಡಿದರು. ನನ್ನ ಶಕ್ತಿ ಪರೀಕ್ಷೆ ಮಾಡುತ್ತಿದ್ದಾರೆ ಎಂದುಕೊಂಡೆ. ಗಟ್ಟಿ ಮನುಷ್ಯ ನಾನು ಎಂದು ತೋರಿಸಲು ಅವರ ಐದೂ ಬೆರಳನ್ನು ಹಿಡಿದು, ಹಲ್ಲು ಕಚ್ಚಿ, ಹಿಂಡಿದೆ.

ಕಾಕಾನ ಹುಬ್ಬು ಮೇಲೆ ಹೋದವು.

"ಐದು? ನಾ ಮೂರೇ ಕೇಳಿದ್ನಲ್ಲೋ!"

ಕಟ್ಟೆಯ ಮೇಲಿದ್ದವರೆಲ್ಲ ನನ್ನ ಕಡೆ ತಿರುಗಿದರು. ಆಗಲಾದರೂ ತಪ್ಪಾಯಿತು ಎನ್ನಬಹುದಿತ್ತು. ನಾನು ಎದೆ ಉಬ್ಬಿಸಿ ಅಂದೆ: "ಇರಲಿ ತಗೋರಿ ಕಾಕಾ. ನನ್ನ ಮನಸ್ಸು ದೊಡ್ಡದದ."

"ಸೌದಾ ಆಯ್ತು," ಎಂದು ಅವರು ಟವೆಲ್ ಜಾಡಿಸಿ ಹೆಗಲಿಗೆ ಹಾಕಿಕೊಂಡರು.

ಟವೆಲ್ಲಿನ ಕೆಳಗೆ ಕೊಟ್ಟ ಮಾತು ಮುರಿದವನ ಜೊತೆ ಮತ್ತೆ ಯಾರೂ ವ್ಯಾಪಾರ ಮಾಡುವುದಿಲ್ಲ. ಅವ್ವನಿಗೆ ಇದು ನನಗಿಂತ ಚೆನ್ನಾಗಿ ಗೊತ್ತಿತ್ತು. "ಕೇಳಿದ್ದು ಮೂರು, ಕೊಟ್ಟಿದ್ದು ಐದು. ಅಂಗಡ್ಯಾಗೂ ಹಿಂಗೇ ಮಾಡ್ತೀದೇನು?" ಎಂದವಳು ಸೋಮವಾರ ಬೆಳಿಗ್ಗೆ ತಾನೇ ನಾಯಿಯ ತಟ್ಟೆ ಒಯ್ದು ಕಾಕಾನ ಬಾಗಿಲಲ್ಲಿಟ್ಟು ಬಂದಳು. ಸೋಮವಾರದಿಂದ ಶುಕ್ರವಾರ ಬುಲೆಟ್ ಅಲ್ಲಿ. ಶನಿವಾರ ನಾನು ಹೋಗಿ, ಹಬ್ಬಕ್ಕೆ ಅಳಿಯನನ್ನು ಕರೆತಂದ ಹಾಗೆ ಕರೆತರುತ್ತಿದ್ದೆ. ಎರಡು ದಿನ ಗೋಡೆ ನೋಡುತ್ತ ಮಲಗಿರುತ್ತಿತ್ತು. ಸೋಮವಾರ ನಸುಕಿಗೆ ಬಾಗಿಲು ಕೆರೆಯುತ್ತಿತ್ತು. ನಾನು ಒಂದು ದಿನವೂ ಅಷ್ಟು ಸರಿಯಾದ ಹೊತ್ತಿಗೆ ಅಂಗಡಿ ತೆರೆದವನಲ್ಲ.

ಹೀಗೆ ಒಂದೂವರೆ ವರ್ಷ ಹೋಯಿತು. ಒಂದು ಸಂಜೆ ಕಾಕಾ ಸುರಪುರದ ಸಂತೆಯಿಂದ ಬಂದವರು ಕಟ್ಟೆಗೆ ಬರದೆ ಒಳಗೆ ಹೋದರು. ಅವ್ವ ಚಹಾ ಕೊಟ್ಟು ಕಳಿಸಿದಳು. ಕತ್ತಲಲ್ಲಿ ಕೂತಿದ್ದರು, ಬುಲೆಟ್ ಪಾದದ ಮೇಲೆ.

"ಎಂಟು ಹಲ್ಲಿನ ಎತ್ತಿಗಿ ನಾಕು ಹಲ್ಲು ಅಂದ್ನೋ ಸಾವ್ಕಾರ. ಬಾಯಿ ತೆರೆದೆ, ಒಳಗೆಲ್ಲ ಮಂಜು. ಸಂತಿ ಮಂದಿ ಯಾರೂ ನಗಲಿಲ್ಲ. ನಕ್ಕಿದ್ರ ಛಲೋ ಇತ್ತು."

ಮರುದಿನದಿಂದ ಸಂತೆಗೆ ಹೋಗಲಿಲ್ಲ. ಕಕ್ಕೇರಾದಲ್ಲಿ ಅವರ ತಂಗಿ ಇದ್ದರು. ನಾನು ಬಂದು ಕರೆದೊಯ್ಯುತ್ತೇನೆ, ಕಣ್ಣು ತೋರಿಸೋಣ, ಇನ್ನು ನನ್ನ ಮನೆಯಲ್ಲೇ ಇರಲಿ ಎಂದು ಫೋನ್ ಮಾಡಿದರು. ಸುದ್ದಿ ಕೇಳಿ ನನಗೆ ಬೇಸರವಾಯಿತು ಎಂದು ಬರೆಯಬೇಕು. ನಾನು ಅಂಗಡಿಯಿಂದ ಬರುವಾಗ ಗೆಜ್ಜೆ ಇದ್ದ ಕೆಂಪು ಪಟ್ಟಿಯೊಂದನ್ನು ಬುಲೆಟ್‌ನ ಕೊರಳಿಗೆಂದು ತಂದೆ. ಏಳೂ ದಿನ ನನ್ನದಾಗುವ ನಾಯಿಗೆ ಏನಾದರೂ ಹೊಸದು ಬೇಡವೇ?

ತಂಗಿ ಟಂಟಂ ಆಟೋ ಮಾಡಿಕೊಂಡು ಬಂದರು. ಅಣ್ಣನಷ್ಟೇ ಮಾತು, ಅಣ್ಣನಿಗಿಂತ ಎರಡು ಪಟ್ಟು ಗಂಟಲು. ಕಾಕಾನ ಸಾಮಾನೆಂದರೆ ಒಂದು ಟ್ರಂಕು, ಒಂದು ಹಾಸಿಗೆ ಸುರುಳಿ. ಟ್ರಂಕು ಏರಿಸಿದ್ದೇ ತಡ, ಬುಲೆಟ್ ಹಾರಿ ಅದರ ಮೇಲೆ ಕೂತಿತು. ನಾನು ಬಿಸ್ಕತ್ತು ತೋರಿಸಿದೆ. ಮುಖ ತಿರುಗಿಸಿತು. ಕೊರಳ ಪಟ್ಟಿಗೆ ಕೈ ಹಾಕಿದೆ. ನನ್ನ ಮನೆಯ ನಾಯಿ, ನನ್ನ ಗೆಜ್ಜೆ ಹಾಕಿಕೊಂಡು, ನನಗೇ ಗುರ್ ಎಂದಿತು.

"ಸೌದಾ ಪ್ರಕಾರ ಐದು ದಿನ ನಾಯಿ ಕಾಕಾಂದೇ ಅಲ್ಲೇನು?" ಎಂದರು ಕಟ್ಟೆಯ ಮೇಲಿದ್ದ ಹಿರಿಯರೊಬ್ಬರು.

"ಐದು ದಿನ ಕಕ್ಕೇರಾ, ಎರಡು ದಿನ ಶಹಾಪುರ ಅಂದ್ರ ನಾಯಿಗಿ ಬಸ್ ಪಾಸ್ ಮಾಡಸ್ಲೇನ್ರಿ?" ಎಂದು ಕೂಗಿದೆ. ಎಲ್ಲರೂ ನಕ್ಕರು. ನನ್ನ ಕಣ್ಣಲ್ಲಿ ನೀರಿತ್ತು, ಅದನ್ನು ನೋಡಿ ಇನ್ನಷ್ಟು ನಕ್ಕರು.

ಕಾಕಾ ಮಾತ್ರ ನಗಲಿಲ್ಲ. ಹಿರಿಯರ ಕಡೆ ತಿರುಗಿ, "ಸೌದಾ ನಾ ಮುರದೆ. ನಾಯಿ ಅವಂದು" ಎಂದರು. ಐವತ್ತು ವರ್ಷದ ದಲಾಲಿಯಲ್ಲಿ ಅವರು ಮುರಿದ ಒಂದೇ ಮಾತಂತೆ ಅದು. ತಂಗಿ ಬಾಯಿಯ ಮೇಲೆ ಕೈ ಇಟ್ಟುಕೊಂಡರು. ಕಾಕಾ ಗೋಡೆ ಹಿಡಿದುಕೊಂಡು ನಮ್ಮ ಮನೆಯೊಳಗೆ ನಡೆದರು. ಬುಲೆಟ್ ಟ್ರಂಕಿನಿಂದಿಳಿದು ಹಿಂದೆಯೇ ಬಂತು. ಅವರು ಮಂಚದ ಮೇಲೆ ಕೂತರು, ಅದು ಪಾದದ ಹತ್ತಿರ ಕೂತಿತು. ಸ್ವಲ್ಪ ಹೊತ್ತಾದ ಮೇಲೆ ಅವ್ವ ಕುಕ್ಕರ್ ಇಟ್ಟಳು. ಮೂರನೆಯ ಸೀಟಿಗೆ ಬುಲೆಟ್ ಮಂಚದ ಕೆಳಗೆ ನುಗ್ಗಿತು. ಕಾಕಾ ಎದ್ದು, ಚಪ್ಪಲಿ ಕೈಯಲ್ಲಿ ಹಿಡಿದು, ಹಿತ್ತಲ ಬಾಗಿಲಿಂದ ಹೊರಟುಹೋದರು. ಬಾಗಿಲ ಚಿಲಕ ಹಾಕಿದವನು ನಾನು.

ಗೆದ್ದೆ. ಏಳೂ ದಿನ ನನ್ನದು.

ಬುಲೆಟ್ ಊಟ ಬಿಡಲಿಲ್ಲ, ಅಳಲಿಲ್ಲ. ಚೆನ್ನಾಗಿ ತಿಂದಿತು, ಮಲಗಿತು, ಕುಕ್ಕರ್‌ಗೆ ಹೆದರಿತು. ಮನೆಗೆ ಯಾರಾದರೂ ಬಂದರೆ ಎಡಗಾಲಿನ ಚಪ್ಪಲಿ ಒಯ್ದು ಕಾಕಾನ ಬೀಗ ಹಾಕಿದ ಬಾಗಿಲ ಎದುರು ಇಡುತ್ತಿತ್ತು. ಇಟ್ಟು ಕಾಯುತ್ತಿತ್ತು. ಬಾಗಿಲು ತೆರೆಯದಿದ್ದರೆ, ಚಪ್ಪಲಿ ಸಾಲಲಿಲ್ಲವೇನೋ ಎನ್ನುವ ಹಾಗೆ ತಿರುಗಿ ಬಂದು ಇನ್ನೊಂದನ್ನು ಒಯ್ಯುತ್ತಿತ್ತು. ನಾಲ್ಕನೆಯ ದಿನ ನಾನು ಅಂಗಡಿಯಿಂದ ಬಂದಾಗ ಅಲ್ಲಿ ಐದು ಚಪ್ಪಲಿ ಇದ್ದವು. ಅವ್ವನದೊಂದು, ಕೊರಿಯರ್ ತಂದವನದೊಂದು, ಯಾರದೆಂದು ತಿಳಿಯದ ಎರಡು. ಐದನೆಯದು ನನ್ನದು.

ಮರುದಿನ ಬೆಳಿಗ್ಗೆ ಬುಲೆಟ್‌ನನ್ನು ಒಂದು ಗೋಣಿಚೀಲದೊಳಗೆ ಇಳಿಸಿ, ತಲೆ ಮಾತ್ರ ಹೊರಗೆ ಬಿಟ್ಟು, ಬೈಕಿನ ಟ್ಯಾಂಕಿನ ಮೇಲೆ ಕೂರಿಸಿಕೊಂಡು ಹೊರಟೆ. ಸುರಪುರ ದಾಟುವ ಹೊತ್ತಿಗೆ ಅದು ನನ್ನ ಅಂಗಿಯ ಮೇಲೆ ಎರಡು ಸಲ ವಾಂತಿ ಮಾಡಿತ್ತು. ಕಕ್ಕೇರಾದಲ್ಲಿ ಕಾಕಾ ಕಪ್ಪು ಕನ್ನಡಕ ಹಾಕಿಕೊಂಡು ತಂಗಿಯ ಮನೆಯ ಕಟ್ಟೆಯ ಮೇಲೆ ಕೂತಿದ್ದರು. ಬುಲೆಟ್ ಚೀಲ ಸಮೇತ ಹಾರಿತು. ಆಮೇಲೆ ನಡೆದದ್ದನ್ನು ನಾನು ನೋಡಲಿಲ್ಲ, ಬೈಕಿನ ಚೈನು ಸರಿ ಮಾಡುತ್ತಿದ್ದೆ. ಚೈನು ಸರಿಯಾಗಿಯೇ ಇತ್ತು.

"ಯಾಕ ತಂದಿ? ಸೌದಾ ಮುರದೀನಲ್ಲ," ಎಂದರು ಕಾಕಾ.

"ನನ್ನ ಕಡಿಂದ ಏಳೂ ದಿನ ತಗೋರಿ," ಎಂದೆ. "ಪೆಟ್ರೋಲ್ ದುಬಾರಿ ಆಗ್ಯದ."

ಅವರು ನನ್ನ ಕೈ ಹುಡುಕಿ ಹಿಡಿದುಕೊಂಡರು. ನಾನು ಬೇಗ ಹೊರಟುಬಂದೆ, ಇನ್ನು ಸ್ವಲ್ಪ ಹೊತ್ತು ನಿಂತಿದ್ದರೆ ನಾಯಿಯನ್ನು ವಾಪಸು ಕೇಳುತ್ತಿದ್ದೆ.

ಒಂದು ತಿಂಗಳಾದ ಮೇಲೆ, ಒಂದು ಭಾನುವಾರ, ತಡೆಯಲಾರದೆ ಹೋದೆ. ಕಾಕಾ ಕಟ್ಟೆಯ ಮೇಲೆ ಒಬ್ಬರೇ ಇದ್ದರು. ಪಾದದ ಹತ್ತಿರ ಯಾರೂ ಇರಲಿಲ್ಲ. ಕಣ್ಣಿನ ಆಪರೇಷನ್ ಆಗಿ ಈಗ ಎಲ್ಲ ಚೊಕ್ಕ ಕಾಣುತ್ತದೆ ಎಂದರು. ಆ ಮಾತನ್ನು ಸಂತೋಷದಿಂದ ಹೇಳಿದಂತಿರಲಿಲ್ಲ.

"ಬುಲೆಟ್ ಎಲ್ಲಿ ಕಾಕಾ?"

ಅವರು ಗದ್ದದಿಂದ ಅಂಗಳದ ಮೂಲೆ ತೋರಿಸಿದರು. ಅಲ್ಲಿ ತಂಗಿಯ ಮೇಕೆ ಕಟ್ಟಿತ್ತು. ಒಂದು ಕೋಡು ಮುರಿದ, ಉದ್ದ ಗಡ್ಡದ, ಯಾವ ಕಡೆಯಿಂದ ನೋಡಿದರೂ ಚೆಂದವಿಲ್ಲದ ಮೇಕೆ. ಮೆಲುಕು ಹಾಕುತ್ತ ಮಲಗಿತ್ತು. ಬುಲೆಟ್ ಅದರ ಹೊಟ್ಟೆಗೆ ತಲೆ ಒರಗಿಸಿ, ನಾಲ್ಕೂ ಕಾಲು ಚೆಲ್ಲಿ ನಿದ್ದೆ ಹೋಗಿತ್ತು. ನಾನು ಸೀಟಿ ಹೊಡೆದೆ. ಒಂದು ಕಿವಿ ಅಲುಗಾಡಿತು, ಅಷ್ಟೇ.

"ಇಪ್ಪತ್ತು ದಿನ ಆಯ್ತು," ಎಂದರು ಕಾಕಾ. "ನಸುಕಿನಾಗ ಎದ್ದು ಅದರ ಹತ್ರ ಹೋಗ್ತದ, ಊಟಕ್ಕಷ್ಟ ಇಲ್ಲಿಗಿ ಬರ್ತದ. ನನ್ನ ಮಕಾ ನೋಡಂಗಿಲ್ಲ. ಆ ಮೇಕ್ಯಾಗ ಏನದ ಅಂತೀನಿ? ಹಲ್ಲು ನೋಡೀನಿ, ನಡಿಗಿ ನೋಡೀನಿ. ಏನೇನೂ ಇಲ್ಲ ಅದರಾಗ!"

ನಾನು ಅವರ ಪಕ್ಕದಲ್ಲಿ ಕೂತೆ. ನಾಲ್ಕು ವರ್ಷದಲ್ಲಿ ಮೊದಲ ಸಲ ಅವರ ಜೊತೆ ನನಗೆ ಹಾಯಾಗಿ ಕೂರಲು ಸಾಧ್ಯವಾಯಿತು.

"ಉರೀತದೇನ್ರಿ ಕಾಕಾ?"

"ಉರೀತದೋ," ಎಂದರು. ಆಮೇಲೆ ಒಳಗಿನ ಕಡೆ ಒಮ್ಮೆ ನೋಡಿ, ದನಿ ಇಳಿಸಿದರು. "ಸಾವ್ಕಾರ, ಆ ಮೇಕಿಗಿ ಒಂದು ಗಿರಾಕಿ ನೋಡ್ತೀದೇನು? ದೂರದ ಊರಾಗ."

ಒಳಗಿನಿಂದ ತಂಗಿಯ ಗಂಟಲು ಬಂತು: "ಕೇಳಸ್ತದ ನನಗ! ಮೇಕಿ ಮೈ ಮುಟ್ರಿ ನೋಡೂಣು, ಮೊದ್ಲು ನಿಮ್ಮಿಬ್ಬರ್ನ ಮಾರ್ತೀನಿ, ತಗೊಳ್ಳೋರು ಯಾರಾರ ಸಿಕ್ರ!"

ಕಾಕಾ ಮುಖ ತಗ್ಗಿಸಿದರು. ನಾನೂ ತಗ್ಗಿಸಿದೆ. ಅಷ್ಟರಲ್ಲಿ ಮನಸ್ಸಿನೊಳಗೆ ನಾನು ವಡಗೇರಾದ ತನಕ ಹೋಗಿ ಇಬ್ಬರು ಗಿರಾಕಿಗಳನ್ನು ಗೊತ್ತು ಮಾಡಿ ಬಂದಿದ್ದೆ.